ಒಂಬತ್ತು ಕಡಲೆ, ಒಂಬತ್ತು ಹುಣಸೆಬೀಜ

ಹೋದ ಚಳಿಗಾಲ ತಮ್ಮನ ಮನೆಗೆಂದು ವಿಜಯಪುರಕ್ಕೆ ಹೋಗಿದ್ದೆ. ಸ್ಟೇಷನ್ ರಸ್ತೆಯ ಆ ಮನೆಯಲ್ಲಿ ತಮ್ಮನ ಮೊಮ್ಮಗ ಬೆಳಗಿನ ಚಹಾ ಆರಿ ತಣ್ಣಗಾಗುವವರೆಗೂ ಫೋನು ನೋಡುತ್ತ ಕೂತಿರುತ್ತಾನೆ. ಏನು ಅಂಥದ್ದು ಎಂದು ಕೇಳಿದೆ. ಅಮೆರಿಕದ ಬಾಸ್ಕೆಟ್‌ಬಾಲ್ ಅಂತೆ, ಸಂಬಳ ಕೊಟ್ಟು ಆಡಿಸುವ ದೊಡ್ಡ ಆಟಗಾರರದು. ಒಬ್ಬನ ಹೆಸರಿನ ಮುಂದೆ ಸಾಲಾಗಿ ಅಂಕಿಗಳಿದ್ದವು. ಬುಟ್ಟಿಗೆ ಹಾಕಿ ಗಳಿಸಿದ ಅಂಕ ಎಷ್ಟು, ಹಲಗೆಗೆ ಬಡಿದು ಮರಳಿದ ಚೆಂಡು ಹಿಡಿದದ್ದೆಷ್ಟು, ಜೊತೆಯವನಿಗೆ ಚೆಂಡು ಕೊಟ್ಟು ಬುಟ್ಟಿ ಮಾಡಿಸಿದ್ದೆಷ್ಟು. ಒಂದೇ ಆಟದಲ್ಲಿ ಮೂರೂ ಹತ್ತು ಮುಟ್ಟಿದರೆ ಅದಕ್ಕೆ ಟ್ರಿಪಲ್ ಡಬಲ್ ಅನ್ನುತ್ತಾರಂತೆ. ಬಹಳ ಅಪರೂಪ, ಎಲ್ಲ ಕೆಲಸವೂ ಬಲ್ಲವನಿಗೆ ಮಾತ್ರ ಸಾಧ್ಯ ಎಂದು ಹುಡುಗ ನನಗೆ ಪಾಠ ಮಾಡಿದ.

ಅಂಥದ್ದೊಂದನ್ನು ನಾನು ಇದೇ ಊರಿನಲ್ಲಿ, ಸಗಣಿ ಸಾರಿಸಿದ ನೆಲದ ಮೇಲೆ, ಕಣ್ಣಾರೆ ನೋಡಿದ್ದೇನೆ ಎಂದೆ. ಹುಡುಗ ನಕ್ಕ. ಮುದುಕಿಗೆ ಅರಳುಮರಳು ಎನ್ನುವಂಥ ನಗು. ಜೀವಮಾನವೆಲ್ಲ ಗಣಿತ ಕಲಿಸಿದವಳು ನಾನು. ಬೇರೆ ಯಾವುದಕ್ಕೆ ನಕ್ಕರೂ ಸಹಿಸಿಕೊಂಡೇನು, ಎಣಿಕೆಯ ವಿಷಯಕ್ಕೆ ಯಾರಾದರೂ ನಕ್ಕರೆ ಮೈ ಉರಿಯುತ್ತದೆ. ಅವನು ಓದಲಿ ಬಿಡಲಿ, ಬರೆದಿಡುತ್ತೇನೆ.

ಅರವತ್ತಮೂರನೇ ಇಸವಿ. ದಸರೆ ಮುಗಿದಿತ್ತು, ಎರೆ ಹೊಲಗಳಲ್ಲಿ ಹಿಂಗಾರಿ ಜೋಳದ ಬಿತ್ತಿಗೆಯೂ ಮುಗಿದಿತ್ತು. ಊರಿಗೆ ಆಗ ಬಿಜಾಪುರ ಎಂದೇ ಹೆಸರು. ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ನಮ್ಮಪ್ಪನದು ಗಾಂಧಿ ಚೌಕದಲ್ಲಿ ಬಟ್ಟೆ ಅಂಗಡಿ. ಮಗಳು ಓದುತ್ತಾಳೆ ಎಂಬ ಹೆಮ್ಮೆ ಒಂದು ಕಡೆ, ಓದಿದವಳನ್ನು ಯಾರು ಮಾಡಿಕೊಳ್ಳುತ್ತಾರೆ ಎಂಬ ಚಿಂತೆ ಇನ್ನೊಂದು ಕಡೆ. ತರಗತಿಯಲ್ಲಿ ನಾವು ಹುಡುಗಿಯರು ಮೂರೇ ಜನ. ಪಾಠ ಮುಗಿದ ಮೇಲೆ ನಮ್ಮ ಕೋಣೆಯ ಕಟ್ಟೆಯ ಮೇಲೆ ನಿಂತು ಟಾಂಗಾ ಬರುವ ತನಕ ಹುಡುಗರ ಬಾಸ್ಕೆಟ್‌ಬಾಲ್ ಆಟ ನೋಡುವುದು ನಮ್ಮ ದಿನಚರಿ.

ಒಂದು ಸಂಜೆ ಅಂಕ ಬರೆಯುತ್ತಿದ್ದ ಹುಡುಗ ಮೂವತ್ತೊಂದು ಎಂದು ಕೂಗಿದ. ಮೂವತ್ತಮೂರು ಎಂದು ನಾನು ಕಟ್ಟೆಯ ಮೇಲಿನಿಂದಲೇ ಕೂಗಿದೆ. ಗೆಳತಿಯರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆಟದ ಮಾಸ್ತರು ಆಟ ನಿಲ್ಲಿಸಿ ಹಾಳೆ ತರಿಸಿ ಕೂಡಿಸಿ ನೋಡಿದರು. ನನ್ನದೇ ಸರಿ. ಮರುದಿನ ಮೈದಾನದ ಬದಿಗೆ ಒಂದು ಮೇಜು, ಒಂದು ಕುರ್ಚಿ ಬಂದವು. ಗಂಡಸರ ಆಟಕ್ಕೆ ಹುಡುಗಿ ಅಂಕ ಬರೆಯುವುದೆಂದರೆ ಆಗ ಸಣ್ಣ ಮಾತಲ್ಲ. ಅಪ್ಪ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದರು. ಮೂರನೇ ದಿನ, ಬರೆಯುವುದಾದರೆ ತಪ್ಪಿಲ್ಲದೆ ಬರೆ, ಇಲ್ಲದಿದ್ದರೆ ನನ್ನ ಮರ್ಯಾದೆ ಹೋಗುತ್ತದೆ ಎಂದರು. ಅದು ಅವರ ಒಪ್ಪಿಗೆ.

ನಮ್ಮ ತಂಡದಲ್ಲಿ ಶ್ರೀಪಾದ ಎಂಬುವನಿದ್ದ. ಸ್ಟೇಷನ್ ರಸ್ತೆಯ ಖಾನಾವಳಿಯವರ ಮಗ, ಉದ್ದನೆಯ ಆಳು. ಎಲ್ಲಿಂದ ಎಸೆದರೂ ಚೆಂಡು ಬುಟ್ಟಿಗೆ ಬೀಳುತ್ತಿತ್ತು. ಊರಿನ ಬಾಯಲ್ಲೆಲ್ಲ ಅವನದೇ ಹೆಸರು. ಇನ್ನೊಬ್ಬ ಚನ್ನಬಸು. ಬಬಲೇಶ್ವರದ ಒಕ್ಕಲು ಮನೆತನದವನು, ಹೇಳಿಕೊಳ್ಳುವಂಥ ಎತ್ತರವಿಲ್ಲ, ಅಗಲ ಹೆಗಲು, ಮಾತು ಕಡಿಮೆ. ಅವನ ಹೆಸರಿನ ಮುಂದೆ ನಾನು ಬರೆಯುತ್ತಿದ್ದ ಅಂಕ ಒಮ್ಮೊಮ್ಮೆ ಆರು, ಒಮ್ಮೊಮ್ಮೆ ಎಂಟು. ಆದರೆ ಅವನು ಕಾಲು ಉಳುಕಿಸಿಕೊಂಡು ಹೊರಗೆ ಕೂತ ಎರಡು ಆಟಗಳಲ್ಲೂ ನಾವು ಸೋತೆವು. ಎಂಟು ಅಂಕದವನು ಇಲ್ಲದಿದ್ದರೆ ಎಂಟು ಅಂಕ ತಾನೇ ಕಡಿಮೆಯಾಗಬೇಕು? ಇಪ್ಪತ್ತು ಕಡಿಮೆಯಾಗುತ್ತಿತ್ತು. ಲೆಕ್ಕ ತಾಳೆಯಾಗದಿದ್ದರೆ ನನಗೆ ಊಟ ಸೇರುವುದಿಲ್ಲ.

ಹಾಗಾಗಿ ನೋಟ್‌ಬುಕ್ಕಿನಲ್ಲಿ ನಾನೇ ಇನ್ನೆರಡು ಗೆರೆ ಎಳೆದೆ. ಒಂದಕ್ಕೆ 'ಹಲಗೆ' ಎಂದು ಹೆಸರಿಟ್ಟೆ, ಬಡಿದು ಮರಳಿದ ಚೆಂಡನ್ನು ಹಿಡಿದವನಿಗೆ ಅಲ್ಲಿ ಒಂದು ಗೀಟು. ಇನ್ನೊಂದು 'ಕೊಟ್ಟದ್ದು', ಕೊಟ್ಟ ಚೆಂಡು ನೇರ ಬುಟ್ಟಿಗೆ ಹೋದರೆ ಕೊಟ್ಟವನಿಗೆ ಒಂದು ಗೀಟು. ಎರಡು ವಾರದಲ್ಲಿ ಗುಟ್ಟು ಗೊತ್ತಾಯಿತು. ಶ್ರೀಪಾದನ ಅರ್ಧ ಅಂಕಗಳ ಹಿಂದೆ ಚನ್ನಬಸು ಇದ್ದ. ಇದರಲ್ಲಿ ಪ್ರೀತಿ ಪ್ರೇಮ ಹುಡುಕಬೇಡಿ, ಆಗಲೇ ಬಹಳ ಜನ ಹುಡುಕಿ ದಣಿದಿದ್ದಾರೆ. ನನಗೆ ಅವನ ಮೇಲೆ ಇದ್ದದ್ದು ಲೆಕ್ಕದ ಹಟ. ಹಾಳೆಯಲ್ಲಿ ಕಾಣದ ಮನುಷ್ಯನನ್ನು ಹಾಳೆಯಲ್ಲಿ ಕಾಣಿಸಬೇಕು ಎಂಬ ಹಟ.

ಆ ವರ್ಷ ಚಳಿ ಬೇಗ ಬಿತ್ತು. ಡಿಸೆಂಬರಿನಲ್ಲಿ ತಿಕೋಟಾದ ಶಾಲೆಯವರು ತಮ್ಮ ಮೈದಾನದಲ್ಲಿ ಆಡಿ ತೋರಿಸಲು ಕರೆದರು. ಬಸ್ಸಿನಲ್ಲಿ ಹೋದೆವು. ಎರಡೂ ಕಡೆ ಮೊಣಕಾಲೆತ್ತರದ ಜೋಳ, ಕಿಟಕಿಯಿಂದ ನುಗ್ಗುವ ಗಾಳಿಗೆ ಕಣ್ಣಲ್ಲಿ ನೀರು. ಅಲ್ಲಿ ನನ್ನ ಮೇಜಿನ ಪಕ್ಕದಲ್ಲಿ ನೆಲದ ಮೇಲೆ ಒಬ್ಬ ಹಿರಿಯರು ಬಂದು ಕೂತರು. ಹೆಗಲ ಮೇಲೆ ಕಂಬಳಿ, ತಲೆಗೆ ಪಟಗ, ಹಣೆ ತುಂಬ ವಿಭೂತಿ. ಬಬಲೇಶ್ವರದಿಂದ ಚಕ್ಕಡಿ ಕಟ್ಟಿಕೊಂಡು, ಮಗ ಬಿಜಾಪುರದಲ್ಲಿ ಏನು ಮಾಡುತ್ತಿದ್ದಾನೆ ಎಂದು ನೋಡಲು ಬಂದವರು. ಚನ್ನಬಸುವಿನ ಅಪ್ಪ ಸಿದ್ರಾಮಪ್ಪ.

ಆಟ ಮುಗಿಯುವವರೆಗೂ ಅವರು ಮಗನನ್ನೇ ನೋಡುತ್ತಿದ್ದರು. ಆಮೇಲೆ ನನ್ನ ನೋಟ್‌ಬುಕ್ಕಿನತ್ತ ಗದ್ದ ಎತ್ತಿ, ಇದೇನು ಇಷ್ಟೊಂದು ಗೀಟು ಎಂದು ಕೇಳಿದರು. ವಿವರಿಸಿದೆ. ಎರಡೆರಡು ಸಲ ಕೇಳಿ ತಿಳಿದುಕೊಂಡರು.

"ಬುಟ್ಟಿಗಿ ಹಾಕಿದಾಂವನ ಹೆಸರು ಎಲ್ಲಾರೂ ಹೇಳ್ತಾರ," ಎಂದರು. "ಕೊಟ್ಟಾಂವನ ಹೆಸರು ನೀ ಒಬ್ಬಾಕೀನ ಬರ್ಯಾಕತ್ತಿ ನೋಡು ತಂಗೆವ್ವಾ. ಚಲೋ ಆತು."

ನನಗೆ ಹಿಗ್ಗಾಯಿತು. ಆ ಹಿಗ್ಗಿನಲ್ಲೇ, ನಿಮ್ಮ ಮಗ ಮುಂದೆ ಬಹಳ ದೊಡ್ಡ ಆಟಗಾರ ಆಗುತ್ತಾನೆ ಎಂದುಬಿಟ್ಟೆ. ಅವರು ಕಂಬಳಿ ಝಾಡಿಸಿ ಎದ್ದರು. "ರಾಶಿ ತನಕ ಅಂತ ಮಾತಾಗೇತಿ. ಹಿರೇ ಮಗ ಅಂವ. ಹೊಲಾ ಅಂವ ಹಿಡೀಬೇಕು."

ಮಾತು ನಿಜವೇ ಎಂದು ಮರಳುವ ಬಸ್ಸಿನಲ್ಲಿ ಚನ್ನಬಸುವನ್ನು ಕೇಳಿದೆ. ನಿಜ. ಸಿದ್ರಾಮಪ್ಪನವರಿಗೆ ಮೂವರು ಗಂಡುಮಕ್ಕಳು, ಇವನೇ ಮೊದಲಿಗ. ಸುಗ್ಗಿಯ ರಾಶಿ ಮುಗಿಯುವುದರೊಳಗೆ ಈ ಆಟದಿಂದ ಏನಾದರೂ ದಾರಿಯಾದರೆ ಸರಿ, ಇಲ್ಲವಾದರೆ ಕಾಲೇಜಿಗೂ ಆಟಕ್ಕೂ ಕೈಮುಗಿದು ಹೊಲಕ್ಕೆ ಮರಳುವುದು. ಹೊಲ ಬೇಸರವೇ ಎಂದರೆ ಇಲ್ಲ ಎಂದು ತಲೆಯಾಡಿಸಿದ. ಬಹಳ ಹೊತ್ತಿನ ಮೇಲೆ, ನಾನು ಮರೆತೇ ಬಿಟ್ಟಾಗ, ತಾನಾಗಿ ಹೇಳಿದ.

"ಹೊಲದಾಗ ನಾ ಎಷ್ಟು ಅದೀನಿ ಅನ್ನೂದು ನನಗ ಗೊತ್ತೈತಿ. ಇದರಾಗ ಎಷ್ಟು ಅದೀನಿ ಅನ್ನೂದು ಒಮ್ಮೆ ನೋಡಬೇಕಾಗೇತಿ."

ದಾರಿ ಎಂದರೆ ಆಗ ಒಂದೇ ಇತ್ತು. ಸೋಲಾಪುರ ಕಡೆಯ ಒಂದು ಹತ್ತಿ ಗಿರಣಿಯವರು ತಮ್ಮದೇ ತಂಡ ಕಟ್ಟಿದ್ದರು. ಆರಿಸಿಕೊಂಡವರಿಗೆ ಗಿರಣಿಯಲ್ಲಿ ನೌಕರಿ, ತಿಂಗಳ ಸಂಬಳ, ಸಂಜೆ ಹೊತ್ತು ಆಟ. ಆಡಿ ಹೊಟ್ಟೆ ಹೊರೆಯಬಹುದು ಎಂಬ ಮಾತನ್ನೇ ನಾವು ಆಗ ಮೊದಲು ಕೇಳಿದ್ದು. ಆ ಗಿರಣಿಯ ಸಾಹೇಬರು ಸಂಕ್ರಾಂತಿ ಕಳೆದ ಮೇಲೆ ಒಮ್ಮೆ ಬಂದರು. ಹಿಂದೆ ತಾವೂ ಆಡಿದವರು, ಈಗ ಹೊಟ್ಟೆ ಬಂದಿತ್ತು. ನಮ್ಮಿಂದ ಒಬ್ಬನನ್ನು ಒಯ್ಯುತ್ತೇನೆ, ಒಬ್ಬನನ್ನು ಮಾತ್ರ, ಎಂದರು. ಮಾಸ್ತರು ಶ್ರೀಪಾದನನ್ನು ಮುಂದೆ ಮಾಡಿದರು. ನಾನು ನೋಟ್‌ಬುಕ್ಕನ್ನು ಮುಂದೆ ಮಾಡಿದೆ.

ಸಾಹೇಬರು ಎಲ್ಲ ಹಾಳೆ ತಿರುವಿ ನೋಡಿದರು. ಅಮೆರಿಕದಲ್ಲಿ ಒಬ್ಬ ಆಟಗಾರ ಇಡೀ ಹಂಗಾಮಿನ ಸರಾಸರಿಯನ್ನೇ ಈ ಮೂರೂ ಸಾಲುಗಳಲ್ಲಿ ಹತ್ತರ ಮೇಲೆ ಇಟ್ಟುಕೊಂಡಿದ್ದಾನೆಂದು ಪತ್ರಿಕೆಯಲ್ಲಿ ಓದಿದ್ದರಂತೆ. ಅಲ್ಲಿಯವರೂ ಹೀಗೆ ಗೆರೆ ಎಳೆದು ಎಣಿಸುತ್ತಾರೆ ಎಂದು ಕೇಳಿ ನನಗೆ ಖುಷಿಯಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಅದು ನನ್ನದೇ ಶೋಧ ಎಂದುಕೊಂಡಿದ್ದೆ.

"ಎಸಿಯಾವರು ನನ್ನ ಕಡೆ ಇಬ್ಬರು ಅದಾರ," ಎಂದರು ಸಾಹೇಬರು, ಚನ್ನಬಸುವಿನ ಹೆಸರಿನ ಮೇಲೆ ಬೆರಳಿಟ್ಟು. "ಆದರ ಬರೇ ವಹಿ ನೋಡಿ ಒಯ್ಯಾಕ ಬರೂದಿಲ್ಲ ತಂಗಿ. ಮುಂದಿನ ತಿಂಗಳ ಬರ್ತೀನಿ. ನನ್ನ ಕಣ್ಣ ಮುಂದ ಮೂರೂ ಸಾಲಿನಾಗ ಹತ್ತು ಮುಟ್ಟಲಿ. ಇಂವನ್ನ ಒಯ್ತೀನಿ."

ಹತ್ತು ಎಂದರೆ ಏನು ಎಂದು ಆ ಆಟ ಬಲ್ಲವರಿಗೆ ಗೊತ್ತು. ನನ್ನ ನೋಟ್‌ಬುಕ್ಕಿನಲ್ಲಿ ಚನ್ನಬಸು ಎರಡು ಸಾಲಿನಲ್ಲಿ ಹತ್ತು ಮುಟ್ಟಿದ್ದು ಮೂರು ಸಲ. ಮೂರೂ ಸಾಲಿನಲ್ಲಿ ಒಮ್ಮೆಯೂ ಇಲ್ಲ.

ಅಷ್ಟರಲ್ಲಿ ಇನ್ನೊಂದು ತೊಡಕು. ಮಾಘದ ಒಣಗಾಳಿಗೆ ನಮ್ಮ ಮೈದಾನದ ಕರಿಮಣ್ಣು ಬಿರಿದು ಅಂಗೈ ಅಗಲದ ಬಿರುಕು ಬಿಟ್ಟಿತು. ಚೆಂಡು ಪುಟಿಸಿದರೆ ಬಲಕ್ಕೋ ಎಡಕ್ಕೋ ಅದರ ಮನಸ್ಸಿಗೆ ಬಂದತ್ತ. ಮಾಸ್ತರು ತಲೆಯ ಮೇಲೆ ಕೈ ಹೊತ್ತು ಕೂತರು. ಚನ್ನಬಸು ಒಂದು ಭಾನುವಾರ ಊರಿಗೆ ಹೋಗಿ ಬಂದ. ಸೋಮವಾರ ಬೆಳಿಗ್ಗೆ ಸಿದ್ರಾಮಪ್ಪನವರು ಎರಡು ಜೋಡಿ ಎತ್ತು, ಒಂದು ಚಕ್ಕಡಿ ಸಗಣಿಯೊಂದಿಗೆ ಕಾಲೇಜಿನ ಹಿಂದೆ ಹಾಜರ್. ಮಗ ಗೆದ್ದರೆ ಊರು ಬಿಡುತ್ತಾನೆ ಎಂದು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೂ ಬಂದರು. ಅದು ನನಗೆ ಆಗ ಹೊಳೆಯಲೇ ಇಲ್ಲ, ಈಗ ಬರೆಯುವಾಗ ಹೊಳೆಯುತ್ತಿದೆ.

ಅವರಿಗೆ ಗೊತ್ತಿದ್ದ ಒಂದೇ ಗಟ್ಟಿ ನೆಲವೆಂದರೆ ಜೋಳ ಒಕ್ಕುವ ಕಣ. ಆಟದ ಮೈದಾನವನ್ನೂ ಹಾಗೆಯೇ ಮಾಡಿದರು. ಬಿರುಕಿಗೆ ಗರಸುಮಣ್ಣು ತುಂಬಿ, ಬಾವಡಿಯ ನೀರು ಹೊಡೆಸಿ, ಎತ್ತು ಕಟ್ಟಿ ಮೂರು ದಿನ ತುಳಿಸಿದರು. ಮೇಲೆ ಹೊಟ್ಟು ಬೆರೆಸಿದ ಸಗಣಿಯಿಂದ ಸಾರಿಸಿದರು. ಒಣಗಿದ ಮೇಲೆ ಚೆಂಡು ಬಿಟ್ಟರೆ ಸೊಂಟದೆತ್ತರ ನೆಟ್ಟಗೆ ಪುಟಿಯಿತು. ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಕಣಕ್ಕೆ ನಡುವೆ ಮೇಟಿ ಎಂಬ ಕಂಬ ಇರುತ್ತದೆ, ಅದಕ್ಕೆ ಪೂಜೆ ಮಾಡದೆ ಅವರು ಕಣ ಬಿಟ್ಟುಕೊಡುವುದಿಲ್ಲ. ಇಲ್ಲಿ ಮೇಟಿ ಎಲ್ಲಿಂದ ಬರಬೇಕು? ಒಂದು ಬದಿಯ ಬುಟ್ಟಿಯ ಕಂಬಕ್ಕೇ ವಿಭೂತಿ ಬಳಿದು ಕಾಯಿ ಒಡೆದರು. ಕಣವಾದ ಮೇಲೆ ಕಾಲಲ್ಲಿ ಕೆರವು ಹಾಕಿಕೊಂಡು ಯಾರೂ ಒಳಗೆ ಬರುವಂತಿಲ್ಲ ಎಂದು ಅಪ್ಪಣೆಯೂ ಆಯಿತು. ನಮ್ಮ ಹುಡುಗರು ಬರಿಗಾಲಲ್ಲೇ ಆಡುವವರು, ತೊಂದರೆಯಾಗಲಿಲ್ಲ.

ಸಾಹೇಬರು ಬಂದದ್ದು ಶಿವರಾತ್ರಿಗೆ ಒಂದು ವಾರ ಮೊದಲು. ಎದುರಿಗೆ ಬಾಗಲಕೋಟೆಯಿಂದ ಬಂದ ತಂಡ. ಅವರ ನಾಯಕ ಹೊಸ ಕ್ಯಾನ್ವಾಸ್ ಬೂಟು ಹಾಕಿಕೊಂಡು ಮೈದಾನಕ್ಕೆ ಕಾಲಿಟ್ಟನೋ ಇಲ್ಲವೋ, ಕಂಬದ ಬುಡದಲ್ಲಿ ಕೂತಿದ್ದ ಸಿದ್ರಾಮಪ್ಪನವರು ಎದ್ದು ಬಂದು ಅಡ್ಡ ನಿಂತರು. ವಾದ ನಡೆಯಿತು. ಕೊನೆಗೆ ಐದೂ ಜನ ಬೂಟು ಬಿಚ್ಚಿ ಬದಿಗಿಟ್ಟರು. ಸಾಹೇಬರು ಬಿದ್ದು ಬಿದ್ದು ನಕ್ಕರು.

ಆಮೇಲೆ ನನ್ನ ಮೇಜಿಗೆ ಬಂದರು. ಅಂಕವನ್ನೂ ಆಟಗಾರರ ತಪ್ಪುಗಳನ್ನೂ ಬರೆಯುವವರು ಅದನ್ನಷ್ಟೇ ಬರೆಯಬೇಕು. ಚನ್ನಬಸುವಿನ ಹಲಗೆ, ಕೊಟ್ಟದ್ದು ಇವೆರಡನ್ನು ಬೇರೆ ಯಾರಾದರೂ ಎಣಿಸಲಿ, ಕಾಲೇಜಿನವರು ಬೇಡ ಎಂದರು. ಮಾತು ನ್ಯಾಯವಾದದ್ದೇ. ಸುತ್ತ ನೋಡಿದರು. ಅವರ ಕಣ್ಣು ಸಿದ್ರಾಮಪ್ಪನವರ ಮೇಲೆ ನಿಂತಿತು. ಈ ಹಿರಿಯರು ಯಾರ ಮುಲಾಜೂ ಇಟ್ಟುಕೊಳ್ಳುವವರಲ್ಲ, ಇವರೇ ಎಣಿಸಲಿ ಎಂದರು. ಇವರು ಯಾರೆಂದು ಅವರು ಕೇಳಲಿಲ್ಲ, ಮೈದಾನ ಕಾಯುವವರು ಎಂದುಕೊಂಡಿದ್ದರು. ಮಾಸ್ತರು ಕೆಮ್ಮಿದರು. ನಾನು ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡಿದೆ. ನಿಜ ಹೇಳಬೇಕಾದವಳು ಸುಮ್ಮನಿದ್ದೆ. ತಂದೆ ಎಣಿಸಿದರೆ ಮಗನಿಗೆ ಒಂದು ಹೆಚ್ಚೇ ಬಿದ್ದೀತು ಹೊರತು ಕಡಿಮೆ ಬೀಳದು ಎಂಬ ದುರಾಸೆ ನನ್ನದು. ಸಿದ್ರಾಮಪ್ಪನವರು ಬರುತ್ತದೆ ಎಂದಷ್ಟೇ ಹೇಳಿ, ಕಂಬಳಿಯ ಗಂಟಿನಿಂದ ಒಂದು ಹಿಡಿ ಕಡಲೆ, ಒಂದು ಹಿಡಿ ಹುಣಸೆಬೀಜ ತೆಗೆದರು. ಕಡಲೆ ಹಲಗೆಗೆ, ಹುಣಸೆಬೀಜ ಕೊಟ್ಟದ್ದಕ್ಕೆ.

ಆಟದ ಮೊದಲರ್ಧದಲ್ಲಿ ಚನ್ನಬಸು ಎಂದಿನಂತೆ ಹಾಳೆಯಲ್ಲಿ ಕಾಣಿಸಲಿಲ್ಲ. ನಾಲ್ಕೇ ಅಂಕ. ಆದರೆ ಹಲಗೆಗೆ ಚೆಂಡು ಬಡಿದಾಗಲೆಲ್ಲ ಆ ಅಗಲ ಹೆಗಲು ಅಲ್ಲಿರುತ್ತಿತ್ತು. ತನಗಿಂತ ಗೇಣುದ್ದ ಎತ್ತರದವರ ನಡುವೆ ಬೆನ್ನು ಕೊಟ್ಟು ಜಾಗ ಮಾಡಿಕೊಂಡು ನಿಲ್ಲುತ್ತಿದ್ದ. ಎರಡನೇ ಅರ್ಧದಲ್ಲಿ ಅವನಿಗೆ ಏನಾಯಿತೋ ಕಾಣೆ. ಹಿಡಿದ, ಓಡಿದ, ಕೊಟ್ಟ, ತಾನೂ ಹಾಕಿದ. ಶ್ರೀಪಾದ ಎಲ್ಲಿ ನಿಂತಿದ್ದಾನೆಂದು ನೋಡದೆಯೇ ಅವನ ಕೈಗೆ ಚೆಂಡು ಮುಟ್ಟಿಸುತ್ತಿದ್ದ. ನನ್ನ ಹಾಳೆಯಲ್ಲಿ ಅವನ ಅಂಕ ಹತ್ತಾಯಿತು, ಹನ್ನೆರಡಾಯಿತು. ಸೇರಿದ ಜನ ಒಂದೇ ಸಮ ಕೂಗುತ್ತಿದ್ದರು. ಕಂಬದ ಬುಡದಲ್ಲಿ ಸಿದ್ರಾಮಪ್ಪನವರು ಮಾತ್ರ ಒಂದೊಂದೇ ಬೀಜ ಇಡುತ್ತಿದ್ದರು. ಕಡೆಯ ನಿಮಿಷದಲ್ಲಿ ಚನ್ನಬಸು ಕೊಟ್ಟ ಚೆಂಡನ್ನು ಶ್ರೀಪಾದ ಬುಟ್ಟಿಗೆ ಹಾಕಿದ, ಸೀಟಿ ಕೂಗಿತು, ನಾವು ಗೆದ್ದೆವು.

ಗೆಲುವಿನ ಕಡೆ ನನ್ನ ಗಮನವೇ ಇರಲಿಲ್ಲ. ಅಂಕ ಹನ್ನೆರಡು ಎಂದು ಸಾಹೇಬರಿಗೆ ತೋರಿಸಿದೆ. ಅವರು ಕಂಬದತ್ತ ತಿರುಗಿದರು. ಸಿದ್ರಾಮಪ್ಪನವರು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿ ತಲೆಯೆತ್ತಿದರು.

"ಕಡ್ಲಿ ಒಂಬತ್ತು. ಹುಣಸಿ ಒಂಬತ್ತು."

ನನ್ನ ಕಿವಿ ಕಾದವು. ಅಷ್ಟು ದೂರದಿಂದ ನೋಡಿದವಳಿಗೂ ಗೊತ್ತಿತ್ತು, ಅವು ಒಂಬತ್ತಲ್ಲ. ಅದೂ ಎರಡರಲ್ಲೂ ಸರಿಯಾಗಿ ಒಂದೊಂದೇ ಕಡಿಮೆ ಬೀಳುವುದೆಂದರೆ ಏನರ್ಥ? ರಾಶಿ ತನಕ, ಹಿರೇ ಮಗ, ಹೊಲ ಹಿಡಿಯಬೇಕು, ಎಲ್ಲವೂ ಒಮ್ಮೆಲೇ ತಲೆಗೇರಿದವು. ಹತ್ತೊಂಬತ್ತು ವರ್ಷದ ಹುಡುಗಿ, ಊರವರ ಮುಂದೆ, ಅಪ್ಪನ ವಯಸ್ಸಿನವರ ಎದುರು ನಿಂತು ಬೆರಳು ತೋರಿಸಿದೆ.

"ಇವರು ಚನ್ನಬಸುನ ಅಪ್ಪ ಅದಾರ್ರಿ. ಮಗ ಊರಿಗೆ ತಿರುಗಿ ಬರ್ಲಿ ಅಂತ ಬೇಕಂತ ಒಂದೊಂದು ಮುಚ್ಚಿಟ್ಟಾರ."

ಚನ್ನಬಸು ಬೆವರು ಒರೆಸಿಕೊಳ್ಳುತ್ತಿದ್ದವನು ಹಾಗೇ ನಿಂತ. ಸಿದ್ರಾಮಪ್ಪನವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಅವರು ಸ್ವಲ್ಪ ಬದಿಗೆ ಸರಿದು ಕಂಬದ ಬುಡ ತೋರಿಸಿದರು. ವಿಭೂತಿಯ ಗೆರೆಯ ಕೆಳಗೆ ಒಂದು ಕಡಲೆ, ಒಂದು ಹುಣಸೆಬೀಜ, ಜೊತೆಯಾಗಿ ಇಟ್ಟಿದ್ದವು.

"ಮೊದಲನೇದು ಲಾಭ ಐತೆವ್ವಾ. ಅದು ದೇವರ ಪಾಲು. ಕಣದಾಗ ಅದನ್ನ ಎಣಿಕಿಗಿ ಹಿಡ್ಯೂದಿಲ್ಲ."

ನಮ್ಮ ಕಡೆ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಹೆಚ್ಚಿನವರು ಲಾಭ ಎಂದ ಮೇಲೆ ಎರಡು ಎನ್ನುತ್ತಾರೆ. ಸಿದ್ರಾಮಪ್ಪನವರ ಮನೆತನದಲ್ಲಿ ಹಾಗಲ್ಲ. ಆ ಮೊದಲ ಕೊಳಗವನ್ನು ದೇವರಿಗೆಂದು ಬೇರೆ ಸುರಿದು, ಆಮೇಲಿನದನ್ನು ಒಂದು ಎಂದು ಎಣಿಸುವುದು ಅಜ್ಜ ಮುತ್ತಜ್ಜರ ಕಾಲದಿಂದ ಬಂದ ರೂಢಿ. ಅವರೇ ತುಳಿಸಿ, ಅವರೇ ಸಾರಿಸಿ, ಕಾಯಿ ಒಡೆದ ಕಣ ಇದು. ಇಲ್ಲಿ ಬೇರೆ ಥರ ಎಣಿಸುವುದು ಅವರ ತಲೆಗೇ ಹೋಗಿರಲಿಲ್ಲ. ಅಂಗಡಿಯ ಗಜದಲ್ಲಿ ಬಟ್ಟೆ ಅಳೆಯುವುದನ್ನು ನೋಡಿ ಬೆಳೆದ ನನಗೆ ಅದೆಲ್ಲಿಂದ ಗೊತ್ತಾಗಬೇಕು?

ನಾನು ಅತ್ತೆನೋ ಬಿಟ್ಟೆನೋ ನೆನಪಿಲ್ಲ. ಹಾಗಾದರೆ ಅವೆರಡನ್ನೂ ಸೇರಿಸಿ ಹೇಳಿ, ಹತ್ತು ಹತ್ತು ಆಗುತ್ತದೆ ಎಂದು ಗೋಗರೆದೆ. ಅವರು ಒಪ್ಪಲಿಲ್ಲ. ದೇವರಿಗೆ ಕೊಟ್ಟದ್ದನ್ನು ತಿರುಗಿ ಎಣಿಸುವುದು ತಮ್ಮ ಕೈಲಾಗದು, ಮಗನ ಮೇಲೆ ಎಷ್ಟು ಮಮತೆ ಇದ್ದರೂ ಆಗದು ಎಂದುಬಿಟ್ಟರು.

ಸಾಹೇಬರು ಜೇಬಿನಿಂದ ಸಿಗರೇಟಿನ ಖಾಲಿ ಪಾಕೀಟು ತೆಗೆದು ನನ್ನ ಮೇಜಿನ ಮೇಲಿಟ್ಟರು. ಅದರ ಬೆನ್ನಿಗೆ ಸೀಸಪೆನ್ಸಿಲಿನ ಗೀಟುಗಳು. ಅವರೂ ಎಣಿಸಿದ್ದರು. ಮೇಲಿನ ಸಾಲಿನಲ್ಲಿ ಹತ್ತು, ಕೆಳಗಿನ ಸಾಲಿನಲ್ಲಿ ಹತ್ತು.

"ಹಿರೇರು ಒಂಬತ್ತು ಅಂದಾಗ ನನ್ನ ಕಣ್ಣ ಮಂಜಾದುವೇನೋ ಅಂದ್ಕೊಂಡಿದ್ದೆ," ಎಂದರು. ಆಮೇಲೆ ಸಿದ್ರಾಮಪ್ಪನವರಿಗೆ ಕೈ ಮುಗಿದರು. "ನಾ ಇಂವನ್ನ ಒಯ್ಯಾಕ ತಯಾರ್ ಅದೀನ್ರಿ. ನೀವು ಕಳಸ್ತೀರೇನು?"

ಸಿದ್ರಾಮಪ್ಪನವರು ಬೀಜಗಳನ್ನು ಮತ್ತೆ ಕಂಬಳಿಯ ತುದಿಗೆ ಕಟ್ಟಿಕೊಂಡರು. ರಾಶಿ ಆಗಲಿ, ಹೇಳುತ್ತೇನೆ ಎಂದರು. ಹದಿನೈದು ದಿನ ಕಾಯುತ್ತೇನೆ, ಅಷ್ಟರಲ್ಲಿ ಉತ್ತರ ಬರದಿದ್ದರೆ ಶ್ರೀಪಾದನನ್ನು ಕರೆಸಿಕೊಳ್ಳುತ್ತೇನೆ ಎಂದು ಸಾಹೇಬರು ಸಂಜೆಯ ರೈಲು ಹತ್ತಿದರು. ಶ್ರೀಪಾದ ಒಳ್ಳೆಯ ಹುಡುಗ. ಆ ಜಾಗ ನನ್ನದಾದರೆ ಬೇಡ ಎನ್ನುವುದಿಲ್ಲ, ಆದರೆ ಅವನು ಕೊಡದಿದ್ದರೆ ಇವತ್ತು ನನ್ನ ಕೈಗೆ ಚೆಂಡೇ ಬರುತ್ತಿರಲಿಲ್ಲ ಎಂದು ಎಲ್ಲರೆದುರೂ ಹೇಳಿದ.

ಆ ಹದಿನೈದು ದಿನ ನನಗೆ ಅನ್ನ ರುಚಿಸಲಿಲ್ಲ. ಚನ್ನಬಸುವಿನ ಗತಿ ಏನಾಗುವುದೋ ಎಂಬುದು ಒಂದು. ಹತ್ತು ಜನರ ಮುಂದೆ ಒಬ್ಬ ಪ್ರಾಮಾಣಿಕನನ್ನು ಕಳ್ಳ ಎಂದೆನಲ್ಲ ಎಂಬುದು ಇನ್ನೊಂದು. ಅವರು ಸಿಟ್ಟಿಗೆ ಮಗನನ್ನು ಕಳಿಸದೆ ಹೋದರೆ ಅದು ನನ್ನ ನಾಲಿಗೆಯ ತಪ್ಪು. ಕೊನೆಗೆ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ.

"ಬಾ, ಹೋಗಿ ಕಾಲು ಮುಟ್ಟಿ ಬರೂಣು," ಎಂದು ಆ ದಿನ ಅಂಗಡಿಯ ಬಾಗಿಲು ಹಾಕಿದರು.

ಶಿವರಾತ್ರಿ ಮುಗಿದು ಬಿಸಿಲು ಏರಿತ್ತು. ಬಬಲೇಶ್ವರದಲ್ಲಿ ಬಸ್ಸಿಳಿದು ಹೊಲದ ದಾರಿ ಹಿಡಿದೆವು. ಎರಡೂ ಕಡೆ ಕೊಯ್ದ ಜೋಳದ ಕೂಳೆ. ಕಣದಲ್ಲಿ ರಾಶಿ ಸಿದ್ಧವಾಗಿತ್ತು, ಬಿಳಿ ಜೋಳದ ಗುಡ್ಡೆ, ಬಿಸಿಲಿಗೆ ಕಣ್ಣು ಕುಕ್ಕುವಷ್ಟು. ಚನ್ನಬಸು ಕೊಳಗ ಹಿಡಿದು ನಿಂತಿದ್ದ, ತಮ್ಮಂದಿರಿಬ್ಬರು ಚೀಲ ಹಿಡಿದಿದ್ದರು. ನಾನು ಚಪ್ಪಲಿ ಹೊರಗೇ ಬಿಟ್ಟು ಹೋಗಿ ಸಿದ್ರಾಮಪ್ಪನವರ ಕಾಲಿಗೆ ಬಿದ್ದೆ. ತಪ್ಪಾಯಿತು ಎನ್ನುವಷ್ಟರಲ್ಲಿ ಅವರು ನನ್ನನ್ನು ಎಬ್ಬಿಸಿ, ರಾಶಿಯ ಎದುರು ಯಾರೂ ಅಳಬಾರದು ಎಂದರು. ರಾಶಿ ಅಳೆಯುವಾಗ ಮಾತೂ ಆಡಬಾರದಂತೆ. ಎಣಿಸುವವರ ದನಿ ಮಾತ್ರ ಕೇಳಬೇಕು. ಪ್ರತಿ ವರ್ಷ ಎಣಿಸುವವರು ಅವರೇ.

"ಇವತ್ತ ನೀ ಎಣಸವಾ," ಎಂದರು ನನಗೆ.

ಚನ್ನಬಸು ಮೊದಲ ಕೊಳಗ ತುಂಬಿ ಅಂಚಿಗೆ ಸಮವಾಗಿ ಸವರಿ ಎತ್ತಿದ. ನಾನು ಲಾಭ ಎಂದೆ. ಅವನು ಅದನ್ನು ಬೇರೆ ಹಾಸಿದ ಕಂಬಳಿಯ ಮೇಲೆ ಸುರಿದ. ಎರಡನೆಯದಕ್ಕೆಂದು ಬಾಗಿದಾಗ ಸಿದ್ರಾಮಪ್ಪನವರು ಕೈಯೆತ್ತಿ ತಡೆದರು. ಅಳತೆ ಶುರುವಾದ ಮೇಲೆ ಆ ಕಣದಲ್ಲಿ ಅವರು ಮಾತಾಡಿದ್ದನ್ನು ಮಕ್ಕಳೂ ಎಂದೂ ಕೇಳಿರಲಿಲ್ಲ. ಮೂವರೂ ಗಾಬರಿಯಿಂದ ನೋಡಿದರು.

"ಗಿರಣಿ ಸಾಹೇಬರಿಗಿ ಕಾಗದ ಬರೀರಿ," ಎಂದರು ನಮ್ಮಪ್ಪನ ಕಡೆ ತಿರುಗಿ. "ಇಂವ ನನ್ನ ಮೊದಲನೇ ಮಗ ಅದಾನ. ಮೊದಲನೇದು ನಮ್ಮ ಎಣಿಕಿಗಿ ಬರಂಗಿಲ್ಲ. ಹಿಂದ ಇಬ್ಬರು ಅದಾರಲ್ಲ, ನನ್ನ ಎಣಿಕಿ ಅವರಿಂದ."

ಚನ್ನಬಸು ತಂದೆಯ ಮುಖವನ್ನೇ ನೋಡುತ್ತ ಬಹಳ ಹೊತ್ತು ಬಾಗಿದಂತೆಯೇ ನಿಂತಿದ್ದ. ಆಮೇಲೆ ಕೊಳಗ ತುಂಬಿ ಎತ್ತಿದ. ಸಿದ್ರಾಮಪ್ಪನವರು ನನ್ನತ್ತ ನೋಡಿ ಕಾದರು. ನಾನು ನಾಲ್ಕು ಹೊಲದಾಚೆಗೆ ಕೇಳುವಂತೆ ಕೂಗಿದೆ, ಒಂದು.